ಹಕೋನೆಯೋ, ಟೀ ಗಾರ್ಡನ್ನೋ?

ಕ್ಯಾಲಿಫೋರ್ನಿಯಾದ ಸನ್ನಿವೇಲ್, ಫ್ರೀಮಾಂಟ್ ಕಡೆಯ ಕನ್ನಡಿಗರ ಮನೆಗೆ ಊರಿಂದ ಅಪ್ಪ-ಅಮ್ಮ ಬಂದರೆ, ಗೋಲ್ಡನ್ ಗೇಟ್ ಸೇತುವೆ ತೋರಿಸಿದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಜಪಾನಿ ಟೀ ಗಾರ್ಡನ್ನಿಗೆ ಕರೆದೊಯ್ಯುವುದು ರೂಢಿ. ಅದನ್ನೂ, ಸರಟೋಗಾ ಊರಿನ ಜಪಾನಿ ತೋಟವಾದ ಹಕೋನೆ ಉದ್ಯಾನವನ್ನೂ, ಸ್ಯಾನ್ ಫ್ರಾನ್ಸಿಸ್ಕೋದ ಏಷಿಯನ್ ಆರ್ಟ್ ಮ್ಯೂಸಿಯಮ್ಮನ್ನೂ ಮತ್ತೆ ಮತ್ತೆ ಸುತ್ತಿದ ಮೇಲೆ ನನ್ನ ಓಟು ರೂಢಿಯ ಕಡೆಗಿಲ್ಲ.

ಟೀ ಗಾರ್ಡನ್ನಿನ ಚರಿತ್ರೆ ಮಾತ್ರ ದೊಡ್ಡದು. 1894ರ ವಸ್ತುಪ್ರದರ್ಶನಕ್ಕೆಂದು ಹುಟ್ಟಿದ ಈ ತೋಟವನ್ನು ಬೆಳೆಸಿದವರು ಮಕೋಟೋ ಹಗಿವಾರಾ. ಅವರ ಕುಟುಂಬ ಅಲ್ಲೇ ವಾಸವಾಗಿತ್ತು. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಜಪಾನಿ ಮೂಲದವರನ್ನು ಬಂಧನ ಶಿಬಿರಗಳಿಗೆ ಅಟ್ಟಿದಾಗ ಆ ಕುಟುಂಬವನ್ನೂ ಎಬ್ಬಿಸಿದರು. ತೋಟ ಮತ್ತೆ ಅವರ ಕೈಸೇರಲಿಲ್ಲ. ಇದು ಗೊತ್ತಿದ್ದು ಹೋದರೆ ನೋಟವೇ ಬೇರೆ. ಆದರೆ 1790ರಲ್ಲಿ ಎರಕ ಹೊಯ್ದ ಕಂಚಿನ ಬುದ್ಧ, ಐದಂತಸ್ತಿನ ಪಗೋಡ, ಕಡಿದಾದ ಕಮಾನು ಸೇತುವೆ ಎಲ್ಲವೂ ಇಕ್ಕಟ್ಟಿನಲ್ಲಿ ಒತ್ತೊತ್ತಾಗಿವೆ. ಫೋಟೋದವರ ಸಾಲು ಕರಗುವುದೇ ಇಲ್ಲ. ಸೋಮ, ಬುಧ, ಶುಕ್ರವಾರ ಬೆಳಗ್ಗೆ 10ರೊಳಗೆ ಹೋದರೆ ಟಿಕೆಟ್ಟೂ ಇಲ್ಲ, ನೂಕುನುಗ್ಗಲೂ ಕಡಿಮೆ. ಆಮೇಲೆ ಹೋಗುವುದಾದರೆ ನನ್ನನ್ನು ಕರೆಯಬೇಡಿ.

ಹಕೋನೆ 18 ಎಕರೆಯ ಗುಡ್ಡದ ಇಳಿಜಾರು. 1915ರ ವಸ್ತುಪ್ರದರ್ಶನದಿಂದ ಸ್ಫೂರ್ತಿ ಪಡೆದ ಇಸಾಬೆಲ್ ಸ್ಟೈನ್ ಕಟ್ಟಿಸಿದ್ದು. 1966ರಿಂದ ಸರಟೋಗಾ ನಗರದ ಆಸ್ತಿ. ಇಲ್ಲಿ ಕಾರಂಜಿ, ಹೂವಿನ ಅಬ್ಬರ ಹುಡುಕಬೇಡಿ. ಬಿದಿರು, ಗೀರೆಳೆದ ಜಲ್ಲಿಯ ಅಂಗಳ, ಕೊಯಿ ಮೀನಿನ ಕೊಳ, ಮೇಲೆ ಚಂದ್ರನನ್ನು ನೋಡಲೆಂದೇ ಕಟ್ಟಿದ ಮನೆ. ಕೂತು ನೋಡುವಷ್ಟು ಪುರುಸೊತ್ತು ಸಿಗುತ್ತದೆ ಎಂಬುದೇ ಇದರ ಹೆಚ್ಚುಗಾರಿಕೆ. ಮಂಡಿನೋವಿನವರಿಗೆ ಮಾತ್ರ ಮೆಟ್ಟಿಲು ಕಷ್ಟ.

ಕಲೆಯೇ ಬೇಕೆಂದರೆ ಎರಡೂ ತೋಟ ಬಿಟ್ಟು ಮ್ಯೂಸಿಯಮ್ಮಿಗೆ ಹೋಗಿ. 2003ರಿಂದ ಅದು ಸಿವಿಕ್ ಸೆಂಟರಿನ ಹಳೇ ಗ್ರಂಥಾಲಯದ ಕಟ್ಟಡದಲ್ಲಿದೆ. ಚಿತ್ರ ಬರೆದ ಮಡಚುವ ಪರದೆಗಳು, ಮರದಚ್ಚಿನ ಮುದ್ರಣಗಳು ಬೆಳಕಿಗೆ ಮಾಸುವುದರಿಂದ ಆಗಾಗ ಒಳಗಿಟ್ಟು ಬೇರೆಯವನ್ನು ಹೊರತರುತ್ತಾರೆ; ಹಾಗಾಗಿ ಹೋದಾಗಲೆಲ್ಲ ಹೊಸದೇನೋ ಇರುತ್ತದೆ. ನನ್ನನ್ನು ಹಿಡಿದು ನಿಲ್ಲಿಸುವುದು ಜಪಾನಿನ ಬಿದಿರಿನ ಬುಟ್ಟಿಗಳು. ನಮ್ಮ ಮೇದರ ಕೈಯ ಮೊರ-ಬುಟ್ಟಿ ಕಂಡವರಿಗೆ ಆ ನೇಯ್ಗೆಯ ಬಿಗಿ ತಕ್ಷಣ ಅರ್ಥವಾಗುತ್ತದೆ. ಅವರಲ್ಲಿ ನೇಯ್ದವರ ಹೆಸರೂ ಪಕ್ಕದಲ್ಲಿದೆ, ನಮ್ಮಲ್ಲಿ ಎಲ್ಲಿದೆ? ಲಿಫ್ಟ್ ಇದೆ, ಕೂರಲು ಬೆಂಚಿದೆ. ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ. ಮಂಗಳವಾರ, ಬುಧವಾರ ಬಾಗಿಲು ಹಾಕಿರುತ್ತದೆ.

ಅಪ್ಪ-ಅಮ್ಮನ ಜೊತೆ ಮ್ಯೂಸಿಯಂ, ಪುಟ್ಟ ಮಕ್ಕಳಿದ್ದರೆ ಹಕೋನೆ. ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ, 101 ಹೆದ್ದಾರಿಯ ಟ್ರಾಫಿಕ್ಕೇ ಅರ್ಧ ದಿನ ನುಂಗುತ್ತದೆ.