ಎಂಥ ಥಿಸಾರಸ್ ಕೊಳ್ಳಬೇಕು: ಬಹುಕಾಲದ ಬಳಕೆಯ ನಂತರ ಒಂದು ವಿಮರ್ಶೆ

ಸಹಕಾರಿ ಸಂಘಗಳ ವಾರ್ಷಿಕ ವರದಿ, ಶಾಲೆಗಳ ಸ್ಮರಣ ಸಂಚಿಕೆ, ಆಗೀಗ ಒಂದು ಪ್ರಬಂಧ ಅಥವಾ ಕಥೆ, ಇವನ್ನು ಕನ್ನಡದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ಕನ್ನಡಕ್ಕೂ ತರುವುದು ಮತ್ತು ಬೇರೆಯವರು ತಂದದ್ದನ್ನು ತಿದ್ದಿಕೊಡುವುದು ಶಿರಸಿಯಲ್ಲಿ ನನ್ನ ನಿತ್ಯದ ಕೆಲಸ. ಈ ಕೆಲಸಕ್ಕೆಂದು ಬಹಳ ವರ್ಷಗಳಿಂದ ನಾನು ಬಳಸುತ್ತ ಬಂದಿರುವುದು ರೋಜೆಟ್ ಮಾದರಿಯ ಇಂಗ್ಲಿಷ್ ಥಿಸಾರಸ್ಸನ್ನು, ಅಂದರೆ ಹತ್ತಿರದ ಅರ್ಥದ ಶಬ್ದಗಳನ್ನು ವಿಷಯಕ್ಕನುಸಾರವಾಗಿ ಒಂದೆಡೆ ಜೋಡಿಸಿದ ಕೋಶವನ್ನು. ಅದರ ಜೊತೆಗೆ ಅಕಾರಾದಿಯಾಗಿ ಜೋಡಿಸಿದ ಸಮಾನಾರ್ಥಕ ಕೋಶವೊಂದನ್ನೂ ಮೊಬೈಲ್ ಆ್ಯಪ್‌ಗಳನ್ನೂ ಸಾಕಷ್ಟು ಕಾಲ ಬಳಸಿ ನೋಡಿದ್ದೇನೆ. ಥಿಸಾರಸ್ ಕೊಳ್ಳಹೊರಟ ವಿದ್ಯಾರ್ಥಿಗಳು ಮತ್ತು ಹೊಸ ಅನುವಾದಕರು ಸಾಮಾನ್ಯವಾಗಿ ಕೇಳುವುದು ಯಾವುದರಲ್ಲಿ ಹೆಚ್ಚು ಶಬ್ದಗಳಿವೆ ಎಂದು. ಇಷ್ಟು ಕಾಲದ ಬಳಕೆಯಿಂದ ನನಗೆ ಮನದಟ್ಟಾಗಿರುವುದೇನೆಂದರೆ, ಒಂದು ಶಬ್ದವನ್ನು ಅದರ ನೆರೆಯ ಶಬ್ದದಿಂದ ಬೇರ್ಪಡಿಸಿ ತೋರಿಸುವ ಪುಸ್ತಕವೇ ಬರೆಯುವವನ ಕೈ ಹಿಡಿಯುತ್ತದೆ. ಶಬ್ದಗಳ ಸಂಖ್ಯೆ ಆಮೇಲಿನ ಮಾತು.

ರೋಜೆಟ್ ಪುಸ್ತಕದ ರಚನೆಯನ್ನು ತಿಳಿದುಕೊಳ್ಳದೆ ಅದರಿಂದ ಪ್ರಯೋಜನ ಪಡೆಯುವುದು ಕಷ್ಟ. ಪೀಟರ್ ಮಾರ್ಕ್ ರೋಜೆಟ್ ವೃತ್ತಿಯಿಂದ ವೈದ್ಯರು, ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿಯೂ ಇದ್ದವರು. 1805ರಲ್ಲಿ ತಮ್ಮ ಬರವಣಿಗೆಯ ಅನುಕೂಲಕ್ಕಾಗಿ ಮಾಡಿಕೊಂಡಿದ್ದ ಚಿಕ್ಕ ಶಬ್ದಪಟ್ಟಿಯನ್ನು ಬೆಳೆಸಿ ಅವರು ಪುಸ್ತಕವಾಗಿ ಹೊರತಂದದ್ದು 1852ರಲ್ಲಿ, ತಮ್ಮ 73ನೆಯ ವಯಸ್ಸಿನಲ್ಲಿ. ಜಗತ್ತಿನ ಎಲ್ಲ ವಿಚಾರಗಳನ್ನೂ ಅವರು ಅಮೂರ್ತ ಸಂಬಂಧಗಳು, ದೇಶ, ದ್ರವ್ಯ, ಬುದ್ಧಿ, ಇಚ್ಛೆ, ಭಾವ ಎಂಬ ಆರು ವರ್ಗಗಳಲ್ಲಿ ಹಂಚಿ, ಅವುಗಳ ಕೆಳಗೆ 1000 ಶೀರ್ಷಿಕೆಗಳನ್ನಿಟ್ಟು, ಪರಸ್ಪರ ವಿರುದ್ಧವಾದ ವಿಚಾರಗಳನ್ನು ಸಾಧ್ಯವಾದಲ್ಲೆಲ್ಲ ಅಕ್ಕಪಕ್ಕದಲ್ಲಿ ಕೂರಿಸಿದರು. ಹೀಗಾಗಿ ಈ ಪುಸ್ತಕವನ್ನು ನಿಘಂಟಿನಂತೆ ಎಲ್ಲೆಂದರಲ್ಲಿ ತೆರೆದು ಹುಡುಕುವಂತಿಲ್ಲ. ಮೊದಲು ಹಿಂಬದಿಯ ಅನುಕ್ರಮಣಿಕೆಗೆ ಹೋಗಬೇಕು. ಅಲ್ಲಿ ಒಂದೊಂದು ಶಬ್ದದ ಕೆಳಗೂ ಅದರ ಬೇರೆ ಬೇರೆ ಅರ್ಥಛಾಯೆಗಳೂ ಪ್ರತಿಯೊಂದಕ್ಕೂ ಒಂದು ಸಂಖ್ಯೆಯೂ ಇರುತ್ತವೆ. ತನಗೆ ಬೇಕಾದ ಛಾಯೆ ಯಾವುದೆಂದು ಬರೆಯುವವನು ಅಲ್ಲಿಯೇ ನಿರ್ಧರಿಸಿ, ಆ ಸಂಖ್ಯೆಯ ಶೀರ್ಷಿಕೆಗೆ ಹೋಗಿ, ಅಲ್ಲಿಯ ಪರಿಚ್ಛೇದವನ್ನು ಪೂರ್ತಿಯಾಗಿ ಓದಬೇಕು. ಹಿಂದಿನ ಮತ್ತು ಮುಂದಿನ ಶೀರ್ಷಿಕೆಗಳ ಮೇಲೂ ಕಣ್ಣಾಡಿಸಬೇಕು. ಹೊಸಬರಿಗೆ ಇದು ಸುತ್ತುದಾರಿ ಎನ್ನಿಸುತ್ತದೆ. ಆದರೆ ನಾನು ಹೇಳಹೊರಟದ್ದು ನಿಜವಾಗಿ ಏನು ಎಂಬ ಪ್ರಶ್ನೆಯನ್ನು ಈ ಸುತ್ತುದಾರಿಯೇ ಕೇಳಿಸುತ್ತದೆ, ಮತ್ತು ಒಳ್ಳೆಯ ಶಬ್ದ ಸಿಗುವುದು ಆ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆಯೇ.

ಒಂದು ಉದಾಹರಣೆ ಕೊಡುತ್ತೇನೆ. ಸಂಘವೊಂದರ ವರದಿಯಲ್ಲಿ ಒಂದೇ ಪರಿಚ್ಛೇದದೊಳಗೆ ‘ಇಳುವರಿ ಕಡಿಮೆಯಾಗಿದೆ’ ಎಂಬ ಮಾತು ಎರಡು ಕಡೆ ಬಂದಿತ್ತು. ಮೊದಲನೆಯದು ಆ ವರ್ಷದ ಮಳೆಗಾಲದಲ್ಲಿ ಕೊಳೆರೋಗ ಬಿದ್ದು ಎಳೆಯ ಅಡಿಕೆಕಾಯಿ ಉದುರಿಹೋದ ಸಂಗತಿ. ಎರಡನೆಯದು ಹಳೆಯ ತೋಟಗಳಲ್ಲಿ ವರ್ಷದಿಂದ ವರ್ಷಕ್ಕೆ ಫಸಲು ಸ್ವಲ್ಪಸ್ವಲ್ಪವಾಗಿ ಇಳಿಯುತ್ತ ಬಂದಿರುವ ಸಂಗತಿ. ಎರಡಕ್ಕೂ ‘ಡಿಕ್ರೀಸ್’ ಎಂದು ಬರೆದರೆ ವ್ಯಾಕರಣದ ದೃಷ್ಟಿಯಿಂದ ತಪ್ಪಿಲ್ಲ, ಆದರೆ ಸದಸ್ಯರ ತೋಟದಲ್ಲಿ ನಡೆದದ್ದು ಆ ವಾಕ್ಯದಲ್ಲಿ ಕಾಣುವುದಿಲ್ಲ. ಅನುಕ್ರಮಣಿಕೆಯ ಮೂಲಕ ಆ ಶೀರ್ಷಿಕೆಗೆ ಹೋದರೆ ‘ಡಿಮಿನಿಶ್’, ‘ಶ್ರಿಂಕ್’, ‘ವೇನ್’, ‘ಎಬ್’, ‘ಡ್ವಿಂಡಲ್’ ಮುಂತಾದವು ಸಿಗುತ್ತವೆ. ‘ವೇನ್’ ಎಂಬುದರಲ್ಲಿ ಕೃಷ್ಣಪಕ್ಷದ ಚಂದ್ರನ ನೆನಪಿದೆ, ‘ಎಬ್’ ಎಂಬುದರಲ್ಲಿ ಸಮುದ್ರದ ಇಳಿತವಿದೆ. ಹೋದದ್ದು ಮತ್ತೆ ಬರುತ್ತದೆ ಎಂಬ ಧ್ವನಿ ಎರಡರಲ್ಲೂ ಇರುವುದರಿಂದ ಅವು ಇಲ್ಲಿ ಹೊಂದುವುದಿಲ್ಲ. ಹಳೆಯ ತೋಟಗಳಿಗೆ ‘ಡ್ವಿಂಡಲ್’ ಸರಿಯಾಗಿ ಕೂಡಿಬಂತು. ಕೊಳೆರೋಗದ ವರ್ಷಕ್ಕೆ ಬೇಕಾದ ಶಬ್ದ ಆ ಶೀರ್ಷಿಕೆಯಲ್ಲಿರಲಿಲ್ಲ. ಕೆಳಕ್ಕೆ ಬೀಳುವುದಕ್ಕೆ ಸಂಬಂಧಿಸಿದ ಬೇರೊಂದು ಶೀರ್ಷಿಕೆಯಲ್ಲಿ ‘ಪ್ಲಮೆಟ್’ ಮತ್ತು ‘ಸ್ಲಂಪ್’ ಜೊತೆಯಾಗಿ ಸಿಕ್ಕವು. ‘ಸ್ಲಂಪ್’ ಮಾರುಕಟ್ಟೆಯ ಕುಸಿತಕ್ಕೆ ಹೆಚ್ಚು ರೂಢಿಯಾದದ್ದರಿಂದ ‘ಪ್ಲಮೆಟ್’ ಉಳಿಯಿತು. ಹೀಗೆ ಒಂದೇ ಪರಿಚ್ಛೇದದ ಎರಡು ನಷ್ಟಗಳಿಗೆ ಎರಡು ಕ್ರಿಯಾಪದಗಳು ಬಂದವು, ಓದುವವರಿಗೆ ಎರಡೂ ಬೇರೆ ಬೇರೆಯಾಗಿ ಅರ್ಥವಾದವು.

ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗಲೂ ಇದೇ ಎಚ್ಚರ ಬೇಕು. ಕುಸಿ, ಇಳಿ, ತಗ್ಗು, ಕುಗ್ಗು, ಬತ್ತು, ಸೊರಗು, ಕ್ಷೀಣಿಸು ಎಂಬಿವು ಪಟ್ಟಿಯಲ್ಲಿ ಒಂದೇ ಸಾಲಿನವು. ಆದರೆ ಬೆಲೆ ಕುಸಿಯುತ್ತದೆ, ಜ್ವರ ಇಳಿಯುತ್ತದೆ, ಉತ್ಸಾಹ ಕುಗ್ಗುತ್ತದೆ, ಬಾವಿ ಬತ್ತುತ್ತದೆ, ಹಸು ಸೊರಗುತ್ತದೆ. ಇವುಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟರೆ ಕನ್ನಡ ಬಲ್ಲವರ ಕಿವಿಗೆ ತಕ್ಷಣ ಚುಚ್ಚುತ್ತದೆ.

ರೋಜೆಟ್ ಮಾದರಿಯ ದೊಡ್ಡ ಕೊರತೆ ಅದರ ಸ್ವಭಾವದಲ್ಲಿಯೇ ಇದೆ: ಅದು ಶಬ್ದಗಳನ್ನು ಒಟ್ಟಿಗೆ ತಂದಿಡುತ್ತದೆ, ಅರ್ಥವನ್ನು ಹೇಳುವುದಿಲ್ಲ. ತಾಳಮದ್ದಳೆ ಕೇಳುತ್ತ ಬೆಳೆದ ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಕೋಶಕಾರನ ಲೆಕ್ಕದಲ್ಲಿ ಕರ್ಣ, ರಾಧೇಯ, ಕೌಂತೇಯ, ಸೂತಪುತ್ರ, ಅಂಗರಾಜ ಎಲ್ಲರೂ ಒಬ್ಬನೇ. ಸಂಧಾನ ಮುರಿದ ಮೇಲೆ ಕೃಷ್ಣನು ಕರ್ಣನನ್ನು ರಥದಲ್ಲಿ ಕೂರಿಸಿಕೊಂಡು ಜನ್ಮರಹಸ್ಯವನ್ನು ತಿಳಿಸುವ ಸಂದರ್ಭದಲ್ಲಿ, ಕೃಷ್ಣನ ಪಾತ್ರದ ಮಾತನ್ನಾಡುವ ಅರ್ಥಧಾರಿ ‘ಕೌಂತೇಯ’ ಎಂದು ಕರೆದನೆಂದರೆ ಮುಂದಿನ ಮಾತೆಲ್ಲವೂ ಆ ಒಂದು ಸಂಬೋಧನೆಯ ಮೇಲೆ ನಿಲ್ಲುತ್ತದೆ. ಎದುರಿನ ಅರ್ಥಧಾರಿ ತನ್ನನ್ನು ‘ರಾಧೇಯ’ ಎಂದೇ ಹೇಳಿಕೊಂಡರೆ ಕೃಷ್ಣನ ಕೊಡುಗೆಯ ನಿರಾಕರಣೆ ಆ ಹೆಸರಿನಲ್ಲಿಯೇ ಆಗಿಹೋಗುತ್ತದೆ. ಭೀಮನ ಬಾಯಲ್ಲಿ ಅವನೇ ಸೂತಪುತ್ರ, ದುರ್ಯೋಧನನ ಆಸ್ಥಾನದಲ್ಲಿ ಅವನೇ ಅಂಗರಾಜ. ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಎಂಬುದನ್ನು ಪಟ್ಟಿ ಹೇಳುವುದಿಲ್ಲ; ಪ್ರಯೋಗವನ್ನು ಬಲ್ಲವರಿಗೆ ಮಾತ್ರ ಅದು ಗೊತ್ತು.

ಆದ್ದರಿಂದ ಥಿಸಾರಸ್ಸನ್ನು ಒಂಟಿಯಾಗಿ ಬಳಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನಾನು ಹಿಂದೆಂದೂ ಓದಿರದ ಶಬ್ದ ಅದರಲ್ಲಿ ಸಿಕ್ಕಿದರೆ, ಪ್ರಯೋಗವಾಕ್ಯಗಳಿರುವ ನಿಘಂಟಿನಲ್ಲಿ ಅದನ್ನು ನೋಡದೆ ಬಳಸುವುದಿಲ್ಲ. ಇಂಗ್ಲಿಷಿಗೆ, ಸಮಾನಾರ್ಥಕ ಶಬ್ದಗಳ ನಡುವಿನ ಭೇದವನ್ನೇ ವಿವರಿಸುವ ಬೇರೊಂದು ಜಾತಿಯ ಕೋಶವಿದೆ. 1942ರಲ್ಲಿ ಮೊದಲು ಬಂದ ವೆಬ್‌ಸ್ಟರ್ ಸಮಾನಾರ್ಥಕ ಕೋಶ ಅದಕ್ಕೆ ಮೇಲ್ಪಂಕ್ತಿ. ಅದರಲ್ಲಿ ಶಬ್ದಗಳು ಕಡಿಮೆ, ವಿವರಣೆ ಹೆಚ್ಚು. ಕನ್ನಡಕ್ಕೆ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟನ್ನು ಮೀರಿದ ಆಧಾರ ನನಗಿಲ್ಲ, ಏಕೆಂದರೆ ಅದು ಶಾಸನದಿಂದಲೂ ಕಾವ್ಯದಿಂದಲೂ ಆಯ್ದ ಪ್ರಯೋಗಗಳನ್ನು ಕೊಡುತ್ತದೆ. 1894ರ ಕಿಟೆಲ್ ನಿಘಂಟು ಗಾದೆ ಮತ್ತು ನುಡಿಗಟ್ಟುಗಳಿಗಾಗಿ ಇಂದಿಗೂ ಕೆಲಸಕ್ಕೆ ಬರುತ್ತದೆ.

ಅಕಾರಾದಿ ಕೋಶದ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಒಂದು ಶಬ್ದ ಕೈಯಲ್ಲಿದ್ದು ಅದಕ್ಕೆ ಬದಲಿ ತುರ್ತಾಗಿ ಬೇಕಾದಾಗ ಅದು ವೇಗವಾಗಿ ಒದಗುತ್ತದೆ. ಪತ್ರಿಕೆಯ ಮೇಜಿಗೆ ಅದೇ ಸಾಕು. ವಿಚಾರ ಮಾತ್ರ ಇದ್ದು ಮೊದಲ ಶಬ್ದವೇ ಹೊಳೆಯದಿದ್ದಾಗ ಅದರಿಂದ ಸಹಾಯವಿಲ್ಲ. ಇನ್ನು ಉಚಿತ ಆ್ಯಪ್‌ಗಳು. ನಾನು ಬಳಸಿದವುಗಳಲ್ಲಿ ಒಂದು ‘ರೈಟ್’ ಎಂಬ ಶಬ್ದಕ್ಕೆ ಬಲಗಡೆ, ಸರಿ, ಹಕ್ಕು ಎಂಬ ಮೂರು ಅರ್ಥಗಳ ಬದಲಿ ಶಬ್ದಗಳನ್ನೂ ಒಂದೇ ರಾಶಿಯಾಗಿ ಸುರಿಯುತ್ತಿತ್ತು. ಆಡುಮಾತಿನದು ಯಾವುದು, ಕಚೇರಿಯ ಬರಹಕ್ಕೆ ಸಲ್ಲುವುದು ಯಾವುದು, ಬಳಕೆ ತಪ್ಪಿದ್ದು ಯಾವುದು ಎಂಬ ಗುರುತೂ ಇರಲಿಲ್ಲ. ಮೇಲಾಗಿ, ಆಷಾಢದ ಮಳೆಯಲ್ಲಿ ಕರೆಂಟು ಹೋಗಿ, ಅದರ ಹಿಂದೆಯೇ ನೆಟ್‌ವರ್ಕೂ ಹೋಗುವ ನಮ್ಮ ಕಡೆ, ಇಂಟರ್ನೆಟ್ ಇಲ್ಲದೆ ತೆರೆಯದ ಆ್ಯಪ್ ಕೆಲಸದ ನಡುವೆ ಕೈಬಿಡುತ್ತದೆ.

ವಿಷಯಕ್ಕನುಸಾರವಾಗಿ ಶಬ್ದಗಳನ್ನು ಜೋಡಿಸುವ ಕ್ರಮ ನಮ್ಮವರಿಗೆ ಹೊಸದಲ್ಲ. ಅಮರಕೋಶದ ಮೂರು ಕಾಂಡಗಳಲ್ಲಿ ಸ್ವರ್ಗ, ವ್ಯೋಮ, ದಿಕ್ಕು, ಕಾಲ ಎಂದು ಆರಂಭವಾಗಿ ಭೂಮಿ, ಪುರ, ಶೈಲ, ವನೌಷಧಿ ಎಂದು ವರ್ಗಗಳು ಸಾಗುತ್ತವೆ, ಮತ್ತು ಒಂದೇ ಶಬ್ದಕ್ಕೆ ಹಲವು ಅರ್ಥಗಳಿರುವ ನಾನಾರ್ಥ ವರ್ಗ ಕೊನೆಯ ಕಾಂಡದಲ್ಲಿ ಬೇರೆಯಾಗಿಯೇ ಇದೆ. ಶ್ಲೋಕಗಳು ಬಾಯಿಗೆ ಬರುತ್ತಿದ್ದ ಕಾಲದಲ್ಲಿ ಅನುಕ್ರಮಣಿಕೆಯ ಅಗತ್ಯವೇ ಬೀಳುತ್ತಿರಲಿಲ್ಲ. ಕನ್ನಡದಲ್ಲಿ ಮಂಗರಾಜ ನಿಘಂಟು, ಕಬ್ಬಿಗರ ಕೈಪಿಡಿ ಮುಂತಾದವು ಪದ್ಯರೂಪದಲ್ಲಿಯೇ ಬಂದವು. ಆದರೆ ಅವು ಕವಿಗಳ ಅಗತ್ಯಕ್ಕಾಗಿ ಹುಟ್ಟಿದವು. ಹಿಂದಿಯಲ್ಲಿ ಅರವಿಂದ ಕುಮಾರ್ ಮತ್ತು ಕುಸುಮ್ ಕುಮಾರ್ ದಂಪತಿ ರಚಿಸಿದ ‘ಸಮಾಂತರ ಕೋಶ’ವನ್ನು ನ್ಯಾಷನಲ್ ಬುಕ್ ಟ್ರಸ್ಟ್ 1996ರಲ್ಲಿ ಪ್ರಕಟಿಸಿತು. ಇಂದಿನ ಗದ್ಯ ಬರೆಯುವ ಕನ್ನಡಿಗರಿಗೂ ಅಂಥದೊಂದು ಪುಸ್ತಕ ಮೇಜಿನ ಮೇಲೆ ಇರಬೇಕೆಂಬುದು ನನ್ನ ಬಲವಾದ ಆಸೆ. ಸದ್ಯಕ್ಕೆ ನಾನು ರೋಜೆಟ್ ಶೀರ್ಷಿಕೆಗಳ ಸಂಖ್ಯೆಗಳನ್ನೇ ಇಟ್ಟುಕೊಂಡು ದಪ್ಪನೆಯ ನೋಟ್‌ಬುಕ್ಕೊಂದರಲ್ಲಿ ಕನ್ನಡ ಶಬ್ದಗಳನ್ನು ಬರೆದುಕೊಳ್ಳುತ್ತ ಬಂದಿದ್ದೇನೆ. ಮಳೆಯ ಶೀರ್ಷಿಕೆಯಡಿ ತುಂತುರು, ಸೋನೆ, ಜಡಿಮಳೆ, ಮುಸಲಧಾರೆ ಇವೆ; ಅಡಿಕೆಗೆಂದು ನಾನೇ ಮಾಡಿಕೊಂಡ ಪುಟದಲ್ಲಿ ಚಾಲಿ, ರಾಶಿ, ಬೆಟ್ಟೆ, ಕೋಕಾ, ಗೋಟು ಇವೆ. ಎರಡನೆಯ ಪುಟದ ಶಬ್ದಗಳು ಒಂದಕ್ಕೊಂದು ಬದಲಿಯಲ್ಲ, ಅವು ಮಾರಾಟದ ಅಡಿಕೆಯ ಬೇರೆ ಬೇರೆ ಬಗೆಗಳು, ಒಂದೊಂದರ ದರವೂ ಬೇರೆ. ವರದಿಯಲ್ಲಿ ಅದಲುಬದಲಾದರೆ ಲೆಕ್ಕವೇ ತಪ್ಪುತ್ತದೆ ಎಂಬ ಸೂಚನೆಯನ್ನು ಪುಟದ ತಲೆಯಲ್ಲಿಯೇ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

ಪುಸ್ತಕದ ದೇಹಸ್ಥಿತಿಯನ್ನೂ ಹೇಳಬೇಕು. ರೋಜೆಟ್ ಓದುವವರು ಹಿಂದಕ್ಕೂ ಮುಂದಕ್ಕೂ ಪುಟ ತಿರುವುತ್ತಲೇ ಇರಬೇಕಾದ್ದರಿಂದ, ಅಂಟಿನಿಂದ ಮಾತ್ರ ಕೂಡಿಸಿದ ಪೇಪರ್‌ಬ್ಯಾಕ್ ಪ್ರತಿಯ ಬೆನ್ನು ಬೇಗ ಸೀಳುತ್ತದೆ. ಹೊಲಿಗೆ ಹಾಕಿದ ಗಟ್ಟಿ ರಟ್ಟಿನ ಪ್ರತಿ ಸ್ವಲ್ಪ ದುಬಾರಿಯಾದರೂ ಬಾಳುತ್ತದೆ. ಘಟ್ಟದ ಮೇಲಿನ ಮಳೆಗಾಲದಲ್ಲಿ ತೆಳುಕಾಗದ ಥಂಡಿ ಹೀರಿಕೊಂಡು ಬೂಷ್ಟು ಹಿಡಿಯುತ್ತದೆ; ಪುಸ್ತಕವನ್ನು ಗೋಡೆಗೆ ಒತ್ತಿ ಇಡದೆ, ಕಪಾಟಿನಲ್ಲಿ ಒಣಗಿದ ಲಕ್ಕಿ ಸೊಪ್ಪನ್ನಿಟ್ಟು, ಬಿಸಿಲು ಕಂಡ ದಿನ ನೆರಳಿನಲ್ಲಿ ಗಾಳಿಗೆ ತೆರೆದಿಟ್ಟರೆ ಹೆಚ್ಚು ಹಾಳಾಗುವುದಿಲ್ಲ.

ಕೊಳ್ಳುವ ಮುನ್ನ ಅಂಗಡಿಯಲ್ಲಿಯೇ ‘ಥಿನ್’ ಎಂಬ ಶಬ್ದವನ್ನು ಹುಡುಕಿ ನೋಡಿ. ‘ಸ್ಲೆಂಡರ್’ ಎಂದರೆ ನಮ್ಮ ಸಪೂರ, ಅದು ಮೆಚ್ಚುಗೆಯ ಮಾತು, ‘ಸ್ಕಿನ್ನಿ’ ಬಡಕಲು, ‘ಗಾಂಟ್’ ಎಂಬುದರಲ್ಲಿ ಹಸಿವೋ ಕಾಯಿಲೆಯೋ ಇದೆ. ಈ ಮೂರನ್ನೂ ಅಲ್ಪವಿರಾಮದಿಂದ ಮಾತ್ರ ಬೇರ್ಪಡಿಸಿ ಒಂದೇ ಗುಂಪಿನಲ್ಲಿ ಪೋಣಿಸಿದ ಕೋಶವನ್ನು ಬಿಟ್ಟುಬಿಡಿ. ಬೇರೆ ಬೇರೆ ಗುಂಪುಗಳಲ್ಲಿ ಇಟ್ಟು, ಆಡುಮಾತು ಅಥವಾ ಹಳೆಯ ಪ್ರಯೋಗ ಎಂಬ ಗುರುತನ್ನೂ ಕೊಟ್ಟಿದ್ದರೆ ತೆಗೆದುಕೊಳ್ಳಿ. ರೋಜೆಟ್ ಹೆಸರು ಹೊತ್ತ ಎಲ್ಲ ಪುಸ್ತಕಗಳೂ ವಿಷಯಾನುಕ್ರಮದವಲ್ಲ, ಅಕಾರಾದಿಯಾದವೂ ಆ ಹೆಸರಿನಲ್ಲಿ ಮಾರಾಟವಾಗುತ್ತವೆ. ಒಳಪುಟ ತೆರೆದು ಶೀರ್ಷಿಕೆಗಳಿಗೆ ಸಂಖ್ಯೆಗಳಿವೆಯೇ ಎಂದು ನೋಡಿದರೆ ತಿಳಿಯುತ್ತದೆ. ಕಿಸೆಗೆ ಹಿಡಿಯುವ ಸಂಕ್ಷಿಪ್ತ ಆವೃತ್ತಿ ಬೇಡ. ಹಳೆಯ ಪ್ರತಿ ಕೊಳ್ಳುವವರು ಮುಖಪುಟಕ್ಕಿಂತ ಮೊದಲು ಕೊನೆಯ ಪುಟಗಳನ್ನು ತೆರೆದು, ಅನುಕ್ರಮಣಿಕೆ ‘ಝಡ್’ ಅಕ್ಷರದವರೆಗೆ ಪೂರ್ತಿಯಾಗಿ ಇದೆಯೇ ಎಂದು ನೋಡಿಕೊಳ್ಳಬೇಕು. ಹೆಚ್ಚಾಗಿ ಹರಿದುಹೋಗುವುದು ಅವೇ ಪುಟಗಳು, ಅವಿಲ್ಲದ ಪ್ರತಿಗೆ ಅರ್ಧ ಬೆಲೆಯೂ ಹೆಚ್ಚೇ.