ಗೆಲ್ಲಿಸುವ ತರಬೇತುದಾರ ತಪ್ಪು ಮಾಡಿದರೆ: ಅಮಾನತೋ, ವಜಾವೋ, ಗೆಲುವು ರದ್ದೋ?

ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಬಳಕೆಯಲ್ಲಿರುವ ಈ ಮೂರು ಶಿಕ್ಷೆಗಳಲ್ಲಿ ಯಾವುದು ನ್ಯಾಯ ಎಂದು ಕೇಳಿದ್ದೀರಿ. ಪೆಟ್ಟು ಯಾರ ಮೈಮೇಲೆ ಬೀಳುತ್ತದೆ ಎಂಬುದನ್ನು ನಾನು ಮೊದಲು ನೋಡುತ್ತೇನೆ.

ವಿದ್ಯಾರ್ಥಿಗಳ ರಕ್ಷಣೆಯ ದೃಷ್ಟಿಯಿಂದ ದಂಡ ಮತ್ತು ಅಮಾನತು ತೀರಾ ದುರ್ಬಲ. ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಮೂರು ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ಬ್ಯಾಸ್ಕೆಟ್‌ಬಾಲ್ ತರಬೇತುದಾರ ಬಾಬ್ ನೈಟ್ 1997ರ ಅಭ್ಯಾಸದ ವೇಳೆ ತನ್ನದೇ ಆಟಗಾರನ ಕುತ್ತಿಗೆಗೆ ಕೈಹಾಕಿದ್ದರು. ವಿಡಿಯೊ ಬಯಲಾದದ್ದು 2000ದಲ್ಲಿ. ಆಗ ಸಿಕ್ಕ ಶಿಕ್ಷೆ ಮೂರು ಪಂದ್ಯಗಳ ಅಮಾನತು, 30,000 ಡಾಲರ್ ದಂಡ, ಕೊನೆಯ ಎಚ್ಚರಿಕೆ. ಕೆಲವೇ ತಿಂಗಳಲ್ಲಿ ವಿದ್ಯಾರ್ಥಿಯೊಬ್ಬನ ತೋಳು ಹಿಡಿದ ಪ್ರಕರಣ ಬಂತು, ಸೆಪ್ಟೆಂಬರ್‌ನಲ್ಲಿ ವಜಾ ಆಯಿತು. 1997ರಿಂದ ಮೂರು ವರ್ಷ ಆ ಆಟಗಾರನ ನೋವಿಗೆ ಬೆಲೆಯೇ ಇರಲಿಲ್ಲವಲ್ಲ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ.

ಸಾಕ್ಷ್ಯ ಕಣ್ಣೆದುರಿಗಿದ್ದರೆ ವಜಾ ಮಾಡುವುದೇ ಸರಿ. 1978ರಲ್ಲಿ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತರಬೇತುದಾರ ವುಡಿ ಹೇಯ್ಸ್ ನೇರಪ್ರಸಾರದಲ್ಲೇ ಎದುರಾಳಿ ಆಟಗಾರನಿಗೆ ಗುದ್ದಿದರು. ಮರುದಿನವೇ ಹುದ್ದೆ ಹೋಯಿತು. ಆರೋಪ ಅಸ್ಪಷ್ಟವಾಗಿದ್ದರೆ ಮಾತ್ರ ತನಿಖೆ ಮುಗಿಯುವವರೆಗೆ ಅಮಾನತಿನಲ್ಲಿಡುವುದು ಒಳ್ಳೆಯದು.

ಗೆಲುವು ರದ್ದು? ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಮಾಜಿ ಸಹಾಯಕ ತರಬೇತುದಾರನೊಬ್ಬನ ಮಕ್ಕಳ ಲೈಂಗಿಕ ದೌರ್ಜನ್ಯ ಪ್ರಕರಣದಲ್ಲಿ, ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಸಂಸ್ಥೆ ಎನ್‌ಸಿಎಎ 2012ರಲ್ಲಿ ಅಲ್ಲಿನ ಫುಟ್‌ಬಾಲ್ ಮುಖ್ಯ ತರಬೇತುದಾರರಾಗಿದ್ದ ಜೋ ಪಟರ್ನೊ ಅವರ 111 ಗೆಲುವುಗಳನ್ನು ದಾಖಲೆಯಿಂದ ಅಳಿಸಿ, 2015ರಲ್ಲಿ ಮರಳಿಸಿತು. ಬೆವರು ಸುರಿಸಿದ ಆಟಗಾರರದ್ದು ಏನು ತಪ್ಪು? ನಿಯಮ ಮುರಿದು ಅನರ್ಹರನ್ನು ಆಡಿಸಿ ಗೆದ್ದಿದ್ದರೆ ಈ ಶಿಕ್ಷೆ ಒಪ್ಪುತ್ತದೆ. ವಿಶ್ವವಿದ್ಯಾಲಯವೇ ತಪ್ಪನ್ನು ಮುಚ್ಚಿಹಾಕಿದ್ದರೆ ಆಡಳಿತದವರನ್ನು ಹೊಣೆ ಮಾಡಿ, ದೊಡ್ಡ ದಂಡ ಹಾಕಿ.