ಆಪರೇಷನ್ ಮೈಂಡ್‌ಕ್ರೈಮ್: ಶಫಲ್ ಹಾಕದೆ ಕೇಳಿ

ಅಮೆರಿಕದ ಹೆವಿ ಮೆಟಲ್ ತಂಡ ಕ್ವೀನ್ಸ್‌ರೈಕ್‌ನ ಈ ಆಲ್ಬಂ ಬಂದಿದ್ದು 1988ರಲ್ಲಿ. ಒಟ್ಟು 15 ಟ್ರ್ಯಾಕ್. ಎಲ್ಲ ಸೇರಿ ಹೇಳುವುದು ಒಂದೇ ಕಥೆ. ದಯವಿಟ್ಟು ಒಂದೊಂದು ಹಾಡು ಹೆಕ್ಕಿ ಕೇಳಬೇಡಿ, ಕಥೆಯ ಎಳೆ ತಪ್ಪುತ್ತದೆ. ನಿಕ್ಕಿ ಹೆರಾಯಿನ್ ಚಟಕ್ಕೆ ಬಿದ್ದ, ವ್ಯವಸ್ಥೆಯ ಮೇಲೆ ಕೆಂಡಕಾರುವ ಹುಡುಗ. ಆ ಸಿಟ್ಟು, ಆ ಚಟ ಎರಡನ್ನೂ ಬಳಸಿಕೊಂಡು ಗುಪ್ತ ಸಂಘಟನೆಯೊಂದರ ನಾಯಕ ಡಾಕ್ಟರ್ ಎಕ್ಸ್ ಅವನಿಂದ ಕೊಲೆ ಮಾಡಿಸುತ್ತಾನೆ. ಕೊನೆಗೆ, ನಿಕ್ಕಿ ಹಚ್ಚಿಕೊಂಡಿದ್ದ ಕ್ರೈಸ್ತ ಸನ್ಯಾಸಿನಿ ಸಿಸ್ಟರ್ ಮೇರಿಯನ್ನೇ ಮುಗಿಸು ಅಂತಾನೆ.

ಆ ಘಟ್ಟದಲ್ಲೇ 'ಸೂಟ್ ಸಿಸ್ಟರ್ ಮೇರಿ' ಶುರು. ಹತ್ತು ನಿಮಿಷ ದಾಟುವ ಹಾಡು. ಹಿಂದೆ ಚರ್ಚಿನ ಧಾಟಿಯ ಸಮೂಹಗಾನ, ಮೈಕಲ್ ಕೇಮೆನ್ ಅವರ ವಾದ್ಯಸಂಯೋಜನೆ. ತಂಡದ ಗಾಯಕ ಜೆಫ್ ಟೇಟ್ ಎತ್ತರದ ಸ್ಥಾಯಿಗೆ ಏರುತ್ತಿರುವಾಗ ಪಮೇಲಾ ಮೂರ್ ಮೇರಿಯಾಗಿ ಎದುರು ದನಿ ಕೊಡುತ್ತಾರೆ. ಅಲ್ಲಿ ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ. ಹೆವಿ ಮೆಟಲ್ ಅಂದರೆ ಬರೀ ಗದ್ದಲ ಅನ್ನುವವರಿಗೆ ನಾನು ಕೇಳಿಸುವುದು ಇದನ್ನೇ.

'ದಿ ನೀಡಲ್ ಲೈಸ್'ನಲ್ಲಿ ತಂಡದ ಗಿಟಾರ್ ವಾದಕರಾದ ಡಿಗಾರ್ಮೊ, ವಿಲ್ಟನ್ ಇಬ್ಬರ ಓಟ ಅದ್ಭುತ. 'ಬ್ರೇಕಿಂಗ್ ದ ಸೈಲೆನ್ಸ್' ಮಾತ್ರ ಇಷ್ಟು ಕರಾಳ ಕಥೆಗೆ ಸ್ವಲ್ಪ ಹಗುರ ಅನ್ನಿಸಿತು. ಮೇರಿ ಹೇಗೆ ಸತ್ತಳು ಅನ್ನುವುದನ್ನು ಬಿಡಿಸಿ ಹೇಳದಿರುವುದು ನನಗಂತೂ ಬಹಳ ಹಿಡಿಸಿತು.

2006ರಲ್ಲಿ ಎರಡನೇ ಭಾಗ ಬಂತು. ಅದರಲ್ಲಿ ಡಾಕ್ಟರ್ ಎಕ್ಸ್ ಆಗಿ ಹಾಡಿದ್ದು ಹೆಸರಾಂತ ಮೆಟಲ್ ಗಾಯಕ ರಾನಿ ಜೇಮ್ಸ್ ಡಿಯೋ. ಅವರ ದನಿಗಾಗಿ ಒಮ್ಮೆ ಕೇಳಬಹುದು. ದುಡ್ಡು ಕೊಟ್ಟು ಇಟ್ಟುಕೊಳ್ಳುವುದಾದರೆ ಮೊದಲನೆಯದೇ ಸರಿ.